ಕೇಳದೆ ಹೇಳುವ ಡ್ರೈವರ್

2017ರ ಆಗಸ್ಟ್ ಕೊನೆಯ ವಾರ ಆಮೀನಾಳ ಕೈಗೆ ಎರಡು ಕಾಗದಗಳು ಎರಡು ದಿನದ ಅಂತರದಲ್ಲಿ ಬಂದವು. ಮೊದಲನೆಯದು ಸುರಪುರದ ಪಾಲಿಟೆಕ್ನಿಕ್ಕಿನದು. ಪ್ರಯೋಗಾಲಯದ ಬೋಧಕಿಯಾಗಿ ಅವಳ ಹೆಸರು ಆಯ್ಕೆ ಪಟ್ಟಿಯಲ್ಲಿದೆ, ಸೆಪ್ಟೆಂಬರ್ 25ರಂದು ಮೂಲ ದಾಖಲೆಗಳೊಂದಿಗೆ ಯಾದಗಿರಿಗೆ ಬರಬೇಕು ಎಂದು ಅದರಲ್ಲಿತ್ತು. ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಆರನೆಯದು, ಐದು ವರ್ಷದ ತಾಂತ್ರಿಕ ಕೆಲಸದ ಅನುಭವ ಪತ್ರ, ಕೆಲಸ ಕೊಟ್ಟವರ ಸಹಿಯೊಂದಿಗೆ. ಎರಡನೆಯ ಕಾಗದ ಅವಳು ದುಡಿಯುತ್ತಿದ್ದ ಗುತ್ತಿಗೆ ಕಂಪನಿಯದು. ನಿಯಂತ್ರಣ ಕೊಠಡಿಗೆ ಹೊಸ ಕಂಪ್ಯೂಟರುಗಳು ಬಂದಿವೆ, ಸೆಪ್ಟೆಂಬರ್ 22ರೊಳಗೆ ಕಾಲುವೆಯ ನೀರು ಅಳೆಯುವ ಹದಿನಾಲ್ಕೂ ಗೇಜುಗಳು ಅವುಗಳ ಪರದೆಯ ಮೇಲೆ ಹಸಿರಾಗಿ ಕಾಣಬೇಕು ಎಂದು ಅದು ಹೇಳುತ್ತಿತ್ತು.

ಒಂದು ಕಾಗದಕ್ಕೆ ಸಹಿ ಬೇಕಿತ್ತು, ಇನ್ನೊಂದಕ್ಕೆ ಕೆಲಸ ಬೇಕಿತ್ತು. ಸಹಿ ಹಾಕುವವರೂ ಕೆಲಸ ಮಾಡಿಸುವವರೂ ಒಬ್ಬರೇ, ಸೈಟ್ ಮ್ಯಾನೇಜರ್ ಹಂಪಣ್ಣ. ಅವರು ಕೆಟ್ಟ ಮನುಷ್ಯರಲ್ಲ. ಮರುದಿನವೇ ಅನುಭವ ಪತ್ರವನ್ನು ಟೈಪ್ ಮಾಡಿಸಿ, ಅವಳ ಹುದ್ದೆಯನ್ನು 'ವೈರ್‌ಲೆಸ್ ತಂತ್ರಜ್ಞೆ' ಎಂದೇ ಬರೆಸಿ, ಸಹಿಯ ಜಾಗ ಖಾಲಿ ಬಿಟ್ಟು, ಮೇಜಿನ ಗಾಜಿನ ಕೆಳಗೆ ಇಟ್ಟರು. ಎಲ್ಲರಿಗೂ ಕಾಣುವಂತೆ ಇತ್ತು.

"ಹದಿನಾಲ್ಕೂ ಹಸರ ಆಗ್ಲಿ ಮೇಡಂ," ಅಂದರು. "ಅವತ್ತ ಸಹಿ ಹಾಕಿ ನಾನಽ ನಿಮ್ಮನ್ನ ಬಸ್ ಹತ್ತಸ್ತೀನಿ."

ಆಮೀನಾಳಿಗೆ ಆಗ ಮೂವತ್ತಮೂರು. ರಂಗಂಪೇಟೆಯವಳು. ಅಪ್ಪ ಮಸ್ತಾನಸಾಬ ಮದುವೆ, ಉರುಸುಗಳಿಗೆ ಬಾಡಿಗೆ ಹೋಗುವ ಮೈಕ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ. ಓದಲು ಕಲಿತ ಹೊತ್ತಿನಲ್ಲೇ ಅವಳು ಬೆಸುಗೆ ಹಾಕುವುದನ್ನೂ ಕಲಿತಳು. ಡಿಪ್ಲೊಮಾ ಮುಗಿಸಿ 2009ರಲ್ಲಿ ನಿಯಂತ್ರಣ ಕೊಠಡಿಯಿರುವ ಭೀಮರಾಯನಗುಡಿಗೆ ಬಂದಾಗ ಆರು ತಿಂಗಳ ಕೆಲಸ ಎಂದಿದ್ದರು. ಎಂಟು ವರ್ಷವಾಗಿತ್ತು. ಜುಲೈಯಿಂದ ನವೆಂಬರ್‌ವರೆಗೆ ಕಾಲುವೆಯಲ್ಲಿ ನೀರಿದ್ದಷ್ಟು ದಿನ, ತಿಂಗಳಿಗೊಂದು ಭಾನುವಾರ ಬಿಟ್ಟರೆ, ಅವಳಿಗೆ ರಜೆ ಇಲ್ಲ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದರೂ ದಿನಾ ಮನೆಗೆ ಹೋಗಿಬರುವಂತಿಲ್ಲ, ಯಾವ ಗಳಿಗೆಯಲ್ಲಿ ಯಾವ ಗೇಜು ಕೈಕೊಡುತ್ತದೋ ಹೇಳಲಾಗದು. ಕಂಪನಿ ಕೊಟ್ಟ ಒಂದು ಕೋಣೆಯ ಕ್ವಾರ್ಟರ್ಸಿನ ಕಿಟಕಿ ಪಕ್ಕದ ಗೋದಾಮಿನ ಗೋಡೆಗೆ ಮುಖಮಾಡಿತ್ತು. ಏಳು ವರ್ಷದ ಮಗಳು ಮುಬೀನಾ ರಂಗಂಪೇಟೆಯಲ್ಲಿ ಅಜ್ಜಿ ಜೈತುನಬೀಯ ಜೊತೆ ಇದ್ದಳು. ಗಂಡ ಖಾಜಾಹುಸೇನನ ಟೇಲರ್ ಅಂಗಡಿಯೂ ಅಲ್ಲೇ. ಸುರಪುರದ ಕೆಲಸ ಸಿಕ್ಕರೆ ಮನೆಯಿಂದ ನಡೆದು ಹೋಗುವಷ್ಟು ದೂರ. ಅವಳಿಗೆ ಬೇಕಿದ್ದುದು ಅದೊಂದೇ.

ಕೈಯಲ್ಲಿದ್ದ ಕೆಲಸದ ಹೆಸರು ಡ್ರೈವರ್ ಬದಲಾಯಿಸುವುದು. ಜೈತುನಬೀಗೆ ಇದು ಬಹಳ ದಿನ ಅರ್ಥವಾಗಲಿಲ್ಲ. ಸೊಸೆ ಫೋನಿನಲ್ಲಿ "ಡ್ರೈವರ್ ಮಾತು ಕೇಳವಲ್ದು, ಡ್ರೈವರ್ ಉತ್ತರ ಕೊಡವಲ್ದು" ಎಂದು ಗೋಳಾಡುವುದನ್ನು ಕೇಳಿ, ಕಂಪನಿಯ ಜೀಪಿನವನು ಮಹಾ ಸೊಕ್ಕಿನವನಿರಬೇಕು ಎಂದು ಓಣಿಯಲ್ಲೆಲ್ಲ ಹೇಳಿದ್ದಳು. ಅಂಗಡಿಗೆ ಬಂದವರು ಖಾಜಾಹುಸೇನನನ್ನು, ಆ ಡ್ರೈವರ್ ಈಗ ದಾರಿಗೆ ಬಂದನಾ ಎಂದು ವಿಚಾರಿಸತೊಡಗಿದ್ದರು.

ಇಲ್ಲಿ ಡ್ರೈವರ್ ಎಂದರೆ ಮನುಷ್ಯನಲ್ಲ, ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶ. ಕಾಲುವೆಯ ಉದ್ದಕ್ಕೂ ನೀರಿನ ಎತ್ತರ ಅಳೆಯುವ ಹದಿನಾಲ್ಕು ಗೇಜುಗಳಿವೆ. ಒಂದೊಂದರ ಪಕ್ಕದಲ್ಲೂ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ರೇಡಿಯೋ. ಅದು ಕಳಿಸಿದ್ದನ್ನು ಭೀಮರಾಯನಗುಡಿಯ ಕಂಪ್ಯೂಟರಿನಲ್ಲಿರುವ ವೈರ್‌ಲೆಸ್ ಕಾರ್ಡು ಹಿಡಿಯುತ್ತದೆ. ಆದರೆ ಪರದೆಯ ಮೇಲೆ ಅಂಕಿ ತೋರಿಸುವ ತಂತ್ರಾಂಶಕ್ಕೂ ಕಾರ್ಡಿಗೂ ನೇರ ಮಾತುಕತೆ ಇಲ್ಲ. ನಡುವೆ ಡ್ರೈವರ್ ಕೂತಿರುತ್ತದೆ. ಕೇಳುವುದಿದ್ದರೆ ಅದನ್ನೇ ಕೇಳಬೇಕು.

ಹಳೆಯ ಡ್ರೈವರನ್ನು ಕೇಳುವ ರೀತಿ ಪಡಿತರ ಅಂಗಡಿಯ ಕಿಂಡಿಯ ಹಾಗಿತ್ತು. ಹೊರಗಿನಿಂದ ಒಂದು ಸಂಖ್ಯೆ ಒಳಗೆ ಕೊಡಬೇಕು, ಒಳಗಿನಿಂದ ಒಂದು ಉತ್ತರ ಬರುತ್ತದೆ, ಕಿಂಡಿ ಮುಚ್ಚುತ್ತದೆ. ಏಳು ಎಂದರೆ ಸಿಗ್ನಲ್ಲಿನ ಬಲ ಎಷ್ಟು ಎಂಬ ಪ್ರಶ್ನೆ. ಒಂಬತ್ತು ಎಂದರೆ ನೀರು ಎಷ್ಟು. ಕೇಳದೆ ಹೋದರೆ ಒಳಗೆ ಏನೇ ಆದರೂ ಹೊರಗೆ ಸುದ್ದಿ ಇಲ್ಲ. ಈ ಸಂಖ್ಯೆಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೊದಲು ಈ ಜಾಲ ಕಟ್ಟಿದ ಹೈದರಾಬಾದಿನ ಎಂಜಿನಿಯರ್ ನಸೀರುದ್ದೀನ ತನಗೆ ತೋಚಿದಂತೆ ಇಟ್ಟಿದ್ದ. 2011ರಲ್ಲಿ ಅವನು ದುಬೈಗೆ ಹೋದ ಮೇಲೆ ಅವುಗಳನ್ನು ಬಲ್ಲವಳು ಆಮೀನಾ ಒಬ್ಬಳೇ ಆದಳು. ಪರದೆ ಮಂಕಾದರೂ ಅವಳನ್ನೇ ಕರೆಯಬೇಕು, ಕರೆಂಟು ಹೋಗಿ ಬಂದರೂ ಅವಳನ್ನೇ. ಅವಳು ಇಲ್ಲದೆ ನಡೆಯದು ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯ ಕಾರಣಕ್ಕೇ ಅವಳ ಎರಡು ರಜೆ ಅರ್ಜಿಗಳು ಆ ವರ್ಷ ವಾಪಸ್ಸಾಗಿದ್ದವು.

ಹೊಸ ಕಂಪ್ಯೂಟರುಗಳು ಈ ಕಿಂಡಿಯ ಪದ್ಧತಿಯನ್ನೇ ಕೈಬಿಟ್ಟಿದ್ದವು. ಅವುಗಳಲ್ಲಿ ಮಾತು ಸಂದೇಶಗಳ ಮೂಲಕ. ಪ್ರತಿ ಸಂದೇಶದಲ್ಲೂ ಒಂದೊಂದು ವಿಷಯಕ್ಕೂ ಹೆಸರಿನ ಚೀಟಿ ಅಂಟಿರುತ್ತದೆ. ಯಾವ ಗೇಜು, ಎಷ್ಟು ನೀರು, ಎಷ್ಟು ಹೊತ್ತಿಗೆ ಅಳೆದದ್ದು, ಎಲ್ಲವೂ. ಗುಟ್ಟಿನ ಸಂಖ್ಯೆಗಳಿಲ್ಲ, ಓದಲು ಬರುವ ಯಾರಾದರೂ ಓದಬಹುದು. ಇನ್ನೊಂದು ದೊಡ್ಡ ಬದಲಾವಣೆಯಿತ್ತು. ಹೊಸ ರೀತಿಯ ಡ್ರೈವರ್ ಕೇಳುವವರೆಗೆ ಕಾಯುವುದಿಲ್ಲ. ಲಿಂಕ್ ಕಡಿದರೆ ಆ ಕ್ಷಣವೇ, ಸುದ್ದಿ ಬೇಕೆಂದು ಹೆಸರು ಬರೆಸಿಕೊಂಡವರಿಗೆಲ್ಲ ತಾನೇ ಡಂಗುರ ಸಾರುತ್ತದೆ. ಜಗತ್ತಿನ ಬೇರೆ ಕಾರ್ಡುಗಳ ಡ್ರೈವರುಗಳನ್ನು ಅವುಗಳ ಕಂಪನಿಗಳೇ ಹೀಗೆ ತಿದ್ದಿ ಬರೆದಿದ್ದವು. ಕಾಲುವೆಯ ಕಾರ್ಡು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಆದ್ದರಿಂದ ಭೀಮರಾಯನಗುಡಿಯಲ್ಲಿ ಅದನ್ನು ಆಮೀನಾ ಬರೆಯಬೇಕಾಯಿತು.

ಅವಳು ಬರೆದಳು. ಇತರ ಡ್ರೈವರುಗಳನ್ನು ಮುಂದಿಟ್ಟುಕೊಂಡು, ನಸೀರುದ್ದೀನನ ಒಂದೊಂದು ಸಂಖ್ಯೆಯನ್ನೂ ಒಂದೊಂದು ಹೆಸರಿಗೆ ಬದಲಾಯಿಸುತ್ತ ಹೋದಳು. ಗೇಜು ನೋಡುವವರಿಗೆ ಊಟದ ಬಿಡುವಿನಲ್ಲಿ ಫೋನ್ ಮಾಡಿ ಅಳತೆ ಕೇಳಿ ಹೋಲಿಸುತ್ತಿದ್ದಳು. ಸೆಪ್ಟೆಂಬರ್ 8ರ ಮಧ್ಯಾಹ್ನ ಹೊಸ ಪರದೆಯ ಮೇಲೆ ಹದಿಮೂರು ಗೇಜುಗಳು ಹಸಿರಾದವು. ಹನ್ನೊಂದನೆಯದು ಮಾತ್ರ ಕೆಂಪಗೇ ಉಳಿಯಿತು. ಅದು ಶಿರವಾಳದ ಕಡೆಗೆ ಹೋಗುವ ವಿತರಣಾ ಕಾಲುವೆಯ ಕೊನೆಯ ಗೇಜು. ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ ಅದೇ ಹನ್ನೊಂದು ಹಸಿರಾಗಿ, ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎಂದು ನೆಮ್ಮದಿಯಾಗಿ ತೋರಿಸುತ್ತಿತ್ತು.

ಹಳೆಯದು ಸರಿ, ಹೊಸದು ತಪ್ಪು ಎಂದು ಯಾರಿಗಾದರೂ ಅನಿಸುತ್ತಿತ್ತು. ಆದರೂ ಖಾತ್ರಿಗೆಂದು ಅವಳು ಅಲ್ಲಿಯ ಗೇಜು ನೋಡುವ ದ್ಯಾವಪ್ಪನಿಗೆ ಫೋನ್ ಮಾಡಿದಳು. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ಹೋಲಿಸಲು ಹೊಸ ಪರದೆಯಲ್ಲಿ ಅಂಕಿಯೇ ಇರದ್ದರಿಂದ ಅಳತೆ ಕೇಳದೆ, ಎಂದಿನಂತೆ ಇಷ್ಟೇ ಕೇಳಿದಳು: "ಲಿಂಕ್ ಬಂದದೇನ್ರಿ ಕಾಕಾ?"

"ಹೌದ್ರಿ ಮೇಡಮ್ಮಾರ. ಬಂದದ."

ಅಲ್ಲಿಗೆ ಮುಗಿಯಿತು. ರೇಡಿಯೋ ಸರಿಯಿದೆ, ತನ್ನ ಡ್ರೈವರಿನಲ್ಲೇ ದೋಷ. ಆಮೀನಾ ಹುಡುಕಲು ಕೂತಳು. ಹದಿಮೂರು ಗೇಜುಗಳಿಗೆ ನಡೆದ ಸಾಲುಗಳೇ ಹನ್ನೊಂದಕ್ಕೂ ಇದ್ದವು. ಒಂದೊಂದನ್ನೂ ಮೂರು ಮೂರು ಸಲ ಓದಿದಳು. ಬರೆದದ್ದನ್ನು ಅಳಿಸಿ ಮತ್ತೆ ಬರೆದಳು. ಹತ್ತನೇ ತಾರೀಖು ಭಾನುವಾರ, ಮುಬೀನಾಳನ್ನು ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ಪ್ರತಿದಿನ ಬೆಳಿಗ್ಗೆ ದ್ಯಾವಪ್ಪನಿಗೆ ಫೋನ್, ಪ್ರತಿದಿನ ಅದೇ ಪ್ರಶ್ನೆ, ಅದೇ ಉತ್ತರ. ಹಂಪಣ್ಣ ದಿನಕ್ಕೆರಡು ಸಲ ಬಂದು ಕೆಂಪು ಚುಕ್ಕೆಯ ಮುಂದೆ ನಿಂತು ಹೋಗುತ್ತಿದ್ದರು. ಮೇಜಿನ ಗಾಜಿನ ಕೆಳಗೆ ಪತ್ರ ಹಾಗೇ ಇತ್ತು. ಒಂದು ಮಧ್ಯಾಹ್ನ ಕೊಠಡಿಯ ಚಿಲಕ ಸಿಕ್ಕಿಕೊಂಡು ಬಾಗಿಲು ತೆಗೆಯಲು ಬರಲಿಲ್ಲ. ಹೊರಗಿನಿಂದ ಯಾರೋ ಬಂದು ತೆಗೆಯುವವರೆಗಿನ ಅರ್ಧ ಗಂಟೆ ಒಳಗೇ ಇದ್ದ ಅವಳು ಅದನ್ನು ಗಮನಿಸಿರಲೇ ಇಲ್ಲ ಎಂಬುದು ಆಮೇಲೆ ಅವಳಿಗೇ ದಿಗಿಲು ಹುಟ್ಟಿಸಿತು.

ಒಂಬತ್ತು ದಿನ ಹೀಗೆ ಹೋಯಿತು. ಹತ್ತನೆಯ ದಿನ, ಸೋಮವಾರ, ಅವಳು ಜೀಪು ಕೇಳಿ ಶಿರವಾಳದ ಕಡೆ ಹೊರಟಳು.

ಗೇಜಿನ ಹತ್ತಿರ ಕಾಲುವೆಯ ಒಡ್ಡಿನ ಮೇಲೆ ಕೂಲಿಗೆ ಬಂದ ನಾಲ್ಕೈದು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಕೆಳಗಿನ ಭತ್ತದ ಗದ್ದೆಗಳ ಮಣ್ಣು ಬಿರಿಯತೊಡಗಿತ್ತು. ಕಾಲುವೆಯ ಅಳತೆ ಕಂಬದಲ್ಲಿ ನೀರು ನಲವತ್ತು ಸೆಂಟಿಮೀಟರಿನ ಗೆರೆಗೂ ಮುಟ್ಟಿರಲಿಲ್ಲ. ಆ ಹೆಂಗಸರಲ್ಲಿ ಹಿರಿಯಳಾದ ಮರಿಲಿಂಗಮ್ಮ ಜೀಪಿನ ಮೇಲಿನ ಹೆಸರು ನೋಡಿ, ಉಣ್ಣುತ್ತಲೇ ಅಂದಳು: "ಬರ್ರಿ ಬಾಯಾರ. ನಿಮ್ಮ ಕಂಪ್ಯೂಟರ್‌ನ್ಯಾಗ ನಮ್ಮ ಗದ್ದಿ ತೊಯ್ದು ತೊಪ್ಪಿ ಆಗ್ಯಾವಂತ. ನಾಟಿ ಅಲ್ಲೇ ಮಾಡಾಕ ಬರ್ತೀವಿ, ನಮಗೂ ಕೂಲಿ ಕೊಡ್ರಿ." ಉಳಿದವರು ನಕ್ಕರು. ಊರಿನವರು ಕಾಲುವೆ ಕಚೇರಿಗೆ ಹೋಗಿ ಮೂರು ಸಲ ನೀರು ಕೇಳಿದ್ದರಂತೆ. ಮೂರು ಸಲವೂ, ಹನ್ನೊಂದರಲ್ಲಿ ನೀರು ಭರ್ತಿ ಇದೆ ಎಂಬ ಉತ್ತರ ಬಂದಿತ್ತಂತೆ.

ದ್ಯಾವಪ್ಪ ಕೀಲಿ ತಂದು ಪೆಟ್ಟಿಗೆ ತೆಗೆದ. ಒಳಗೆ ಒಂದು ದೀಪವೂ ಉರಿಯುತ್ತಿರಲಿಲ್ಲ. ರೇಡಿಯೋದ ಕಾರ್ಡು ಸುಟ್ಟು ಕಪ್ಪಾಗಿತ್ತು. ನಾಗರ ಪಂಚಮಿ ಆದ ಮರುವಾರ ಸಿಡಿಲು ಬಡಿದದ್ದು ಎಂದ. ಲೆಕ್ಕ ಹಾಕಿದರೆ ಒಂದೂವರೆ ತಿಂಗಳು.

ಆಮೀನಾ ಕಪ್ಪಾದ ಕಾರ್ಡನ್ನು ಹೊರಗೆ ಎಳೆದಳು. "ದಿನಾ ಬಂದದ ಅಂತ ಹೇಳ್ತಿದ್ರಲ್ಲ ಕಾಕಾ."

"ಹೇಳ್ತಿದ್ನಲ್ರಿ. ಬಂದ್ ಅದ."

"ಬಂದದ ಅಂದ್ರ ಚಾಲೂ ಅದ ಅಂತಲ್ಲೇನು?"

"ಚಾಲೂ ಇದ್ರ ಚಾಲೂ ಅದ ಅಂತಿದ್ನಿಲ್ರಿ?" ದ್ಯಾವಪ್ಪನಿಗೆ ಈಗ ಬೇಸರವಾಯಿತು. "ನೀವಽ ಕೇಳ್ತಿದ್ರಿ, ಲಿಂಕ್ ಬಂದ್ ಅದೇನು ಅಂತ. ಹೌದ್ರಿ, ಬಂದ್ ಅದ ಅಂತಿದ್ದೆ. ಬಂದ್ ಆಗೇದ ಅಂತ ಗೊತ್ತಿದ್ದೂ ದಿನಾ ಕೇಳ್ತಾರ, ರಿಪೇರಿಗೆ ಮಾತ್ರ ಬರವಲ್ರು, ಎಂಥಾ ಕಂಪನೀರಿ ಇದು ಅಂತ ನಾ ಮನ್ಯಾಗ ಬೈದಾಡೀನಿ."

ಬಂದಿದೆ ಎನ್ನುವುದಕ್ಕೂ, ಬಂದ್ ಆಗಿದೆ ಎನ್ನುವುದಕ್ಕೂ ಈ ಸೀಮೆಯ ಬಾಯಲ್ಲಿ ಒಂದೇ ಸದ್ದು. ಎದುರಿಗಿದ್ದರೆ ಕೈಸನ್ನೆಯೋ ಮುಖವೋ ಅರ್ಥ ಹೇಳುತ್ತದೆ. ಫೋನಿನಲ್ಲಿ ಕೇಳುವವರು ತಮಗೆ ಬೇಕಾದದ್ದನ್ನು ಕೇಳಿಸಿಕೊಳ್ಳುತ್ತಾರೆ. ಅವಳ ಡ್ರೈವರ್ ಮೊದಲ ನಿಮಿಷದಿಂದ ನಿಜವನ್ನೇ ಹೇಳುತ್ತಿತ್ತು. ಒಂಬತ್ತು ದಿನ ಅವಳು ಅದನ್ನು ಸುಳ್ಳುಗಾರನೆಂದು ವಿಚಾರಣೆ ಮಾಡಿದ್ದಳು.

ಹಾಗಾದರೆ ಹಳೆಯ ಪರದೆ ಹಸಿರಾಗಿದ್ದುದು ಹೇಗೆ? ವಾಪಸ್ ಬಂದು ನಸೀರುದ್ದೀನನ ಡ್ರೈವರನ್ನು ತೆಗೆದು, ಒಂಬತ್ತನೇ ಸಂಖ್ಯೆಯ ಉತ್ತರ ಎಲ್ಲಿಂದ ಬರುತ್ತದೆ ಎಂದು ಸಾಲು ಹಿಡಿದು ಹಿಂದಕ್ಕೆ ಹೋದಳು. ರೇಡಿಯೋ ಉತ್ತರ ಕೊಡದಿದ್ದರೆ ಕೊನೆಯ ಸಲ ಬಂದ ಅಂಕಿಯನ್ನೇ ಮತ್ತೆ ಕೊಡು ಎಂಬ ಒಂದು ಸಾಲು ಅಲ್ಲಿತ್ತು. ಅದರ ಪಕ್ಕದಲ್ಲಿ ಅವನೇ ಬರೆದಿಟ್ಟ ಟಿಪ್ಪಣಿ: ಫಿಲಹಾಲ್. ಸದ್ಯಕ್ಕೆ. ತಾರೀಖು 2009ರ ಅಕ್ಟೋಬರ್. ಯಾವುದೋ ತಪಾಸಣೆಯ ಹಿಂದಿನ ದಿನ ಹಾಕಿರಬೇಕು. ಒಂದೂವರೆ ತಿಂಗಳು ಒಂದೇ ಅಂಕಿ ಅಲುಗಾಡದೆ ನಿಂತಿದ್ದರೂ, ನೀರು ಸ್ಥಿರವಾಗಿದೆ ಎಂದು ಎಲ್ಲರೂ ಸಂತೋಷಪಟ್ಟಿದ್ದರು. ಅವಳೂ.

ಹಂಪಣ್ಣ ಎಲ್ಲವನ್ನೂ ಕೇಳಿದರು. ಹೊಸ ಕಾರ್ಡು ತರಿಸಲು ಎಷ್ಟು ದಿನ ಎಂದು ವಿಚಾರಿಸಿದರು. ಹದಿನೈದು ದಿನಕ್ಕೆ ಕಡಿಮೆ ಇಲ್ಲ ಎಂದಳು. ಶುಕ್ರವಾರ ಕಾಲುವೆಯ ಎಂಜಿನಿಯರ್ ನೋಡಲು ಬರುತ್ತಾರೆ, ಒಂದು ಕೆಂಪಗಿದ್ದರೂ ಕಂಪನಿಯ ಗುತ್ತಿಗೆ ಮುಂದುವರಿಯುವುದಿಲ್ಲ, ಹೈದರಾಬಾದಿನ ಕಂಪನಿ ಕಚೇರಿಯಿಂದ ದಿನಾ ಫೋನ್ ಬರುತ್ತಿದೆ ಎಂದು ಹಂಪಣ್ಣ ಹೇಳಿದರು. ತಮ್ಮ ಕುರ್ಚಿಯೂ ಅದರ ಮೇಲೇ ನಿಂತಿದೆ ಎಂಬುದನ್ನು ಅವರು ಬಚ್ಚಿಡಲಿಲ್ಲ.

"ಆ ಫಿಲಹಾಲ್ ಸಾಲು ಹೊಸದ್ರಾಗೂ ಹಾಕ್ರಿ," ಅಂದರು. "ಕಾರ್ಡ್ ಬಂದ ಮ್ಯಾಲ ತಗೀರಿ."

"ನಸೀರುದ್ದೀನ ಸಾಹೇಬ್ರೂ ಹಂಗಽ ಅನ್ಕೊಂಡು ಹಾಕ್ಯಾರ್ರಿ ಸರ್. ಎಂಟು ವರ್ಷ ಆತು."

"ನಿಮಗ ಯಾದಗಿರಿಗೆ ಹೋಗೋದದಿಲ್ಲೋ?"

ಅವಳು ತನ್ನ ಕುರ್ಚಿಗೆ ವಾಪಸ್ ಬಂದಳು. ಗುರುವಾರ ಬೆಳಿಗ್ಗೆ ಆ ಸಾಲನ್ನು ಬರೆದಳು. ಹತ್ತು ನಿಮಿಷದ ಕೆಲಸ. ಹನ್ನೊಂದು ಹಸಿರಾಗಲಿಲ್ಲ. ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಹೊಸ ರೀತಿಯಲ್ಲಿ ಪ್ರತಿ ಅಳತೆಯ ಜೊತೆ ಅದನ್ನು ಅಳೆದ ಹೊತ್ತೂ ಹೋಗಬೇಕು. ಹೊತ್ತು ಹಳೆಯದಾಗಿದ್ದರೆ ಪರದೆ ಒಪ್ಪುವುದಿಲ್ಲ. ಹಳೆಯ ಡ್ರೈವರಿಗೆ ಕೊನೆಯ ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕಾಗುತ್ತಿತ್ತು. ಇಲ್ಲಿ ಇನ್ನೊಂದು ಸಾಲು ಬೇಕು. ಅಳೆಯದೇ ಇದ್ದದ್ದನ್ನು ಈಗಷ್ಟೇ ಅಳೆದೆ ಎಂದು, ಗಂಟೆ ನಿಮಿಷ ಸಮೇತ, ಅವಳೇ ಬರೆಯಬೇಕು.

ಆ ಸಾಲಿಗೆ ಏನು ಬರೆಯಬೇಕೆಂದು ಅವಳಿಗೆ ಪೂರ್ತಿ ಗೊತ್ತಿತ್ತು. ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಮೊದಲಿನದು ಇನ್ನೊಬ್ಬರ ಸಾಲು. ಇದು ತನ್ನದು. ಮಧ್ಯಾಹ್ನದ ಹೊತ್ತಿಗೆ ಮೊದಲಿನ ಸಾಲನ್ನೂ ಅಳಿಸಿ, ಹಂಪಣ್ಣನ ಕೋಣೆಗೆ ಹೋಗಿ, ಹದಿಮೂರೇ ಹಸಿರು ಇರುತ್ತವೆ ಎಂದು ಹೇಳಿ ಬಂದಳು. ಅವರು ಗಾಜನ್ನು ಎತ್ತಿ ಪತ್ರವನ್ನು ಡ್ರಾಯರಿನೊಳಗೆ ಹಾಕಿದರು.

ಶುಕ್ರವಾರ ಎಂಜಿನಿಯರ್ ಬಂದರು. ಕೆಂಪು ಚುಕ್ಕೆಯನ್ನು ನೋಡಿ ಕಾರಣ ಕೇಳಿದರು. ಆಮೀನಾ ಸಿಡಿಲಿನಿಂದ ಹಿಡಿದು ಫಿಲಹಾಲ್‌ವರೆಗೆ ಎಲ್ಲವನ್ನೂ ಹೇಳಿದಳು. ಹಂಪಣ್ಣ ಕಿಟಕಿಯ ಕಡೆ ನೋಡುತ್ತಿದ್ದರು. ಮಾತಿನ ನಡುವೆಯೇ ನಾಲ್ಕನೇ ಗೇಜು ತಾನಾಗಿ ಹಳದಿಯಾಯಿತು, ಸಿಗ್ನಲ್ ದುರ್ಬಲ ಎಂಬ ಬರಹ ಬಂತು, ಎರಡು ನಿಮಿಷದಲ್ಲಿ ಮತ್ತೆ ಹಸಿರಾಯಿತು. ಅದನ್ನು ಯಾರು ಕೇಳಿದರು ಎಂದರು ಎಂಜಿನಿಯರ್. ಯಾರೂ ಕೇಳಿಲ್ಲ, ಅದೇ ಹೇಳಿತು ಎಂದಳು. ಅವರು ಕುರ್ಚಿ ಎಳೆದುಕೊಂಡು ಒಂದು ಗಂಟೆ ಕೂತರು. ಹೋಗುವ ಮೊದಲು ದ್ಯಾವಪ್ಪನ ಕಣ್ಣಳತೆಯ ಮೇಲೇ ಹನ್ನೊಂದರ ಕಡೆಗೆ ನೀರು ಬಿಡಲು ಹೇಳಿಸಿದರು.

ಸಂಜೆ ಹಂಪಣ್ಣ ಅವಳನ್ನು ಕರೆದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಗುತ್ತಿಗೆ ಒಂದು ವರ್ಷ ಮುಂದುವರಿದಿದೆ ಎಂದರು. ಎಂಜಿನಿಯರ್ ಒಂದೇ ಷರತ್ತು ಹಾಕಿದ್ದಾರೆ. ಈ ಡ್ರೈವರ್ ಬರೆದವರನ್ನು ಆ ವರ್ಷ ಬದಲಾಯಿಸಕೂಡದು.

"ನಿಮ್ಮ ಹೆಸರು ಕರಾರಿನ್ಯಾಗ ಬಂದದ ಮೇಡಂ. ಈಗ ನಾ ಪತ್ರಕ್ಕ ಸಹಿ ಹಾಕಿದ್ರ ಕಂಪನಿ ನನ್ನ ಉಳಸಂಗಿಲ್ಲ."

ಸುಳ್ಳು ಸಾಲು ಬರೆದು ಹದಿನಾಲ್ಕೂ ಹಸಿರು ಮಾಡಿದ್ದರೆ ಸಹಿ ಸಿಕ್ಕಿ ಅವಳು ಇಲ್ಲಿಂದ ಹೊರಗಿರುತ್ತಿದ್ದಳು. ಕ್ಯಾಂಪಿನ ಹಿಂಭಾಗದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಖಾಲಿಯಿದೆ, ಮಗಳನ್ನು ಇಲ್ಲಿಗೇ ಕರೆತರಬಹುದು ಎಂದು ಹಂಪಣ್ಣ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರು. ಅವಳು ಅದನ್ನು ಮುಟ್ಟದೆ ಎದ್ದುಬಂದಳು.

ಸೋಮವಾರ ಯಾರನ್ನೂ ಕೇಳದೆ ಯಾದಗಿರಿಗೆ ಹೋದಳು. ಬೆಂಚಿನ ಮೇಲೆ ಮೂರು ಗಂಟೆ ಕಾದಳು. ಗುಮಾಸ್ತರು ಫೈಲಿನ ಐದು ದಾಖಲೆಗಳಿಗೆ ಗುರುತು ಹಾಕಿ, ಆರನೆಯದು ಎಲ್ಲಿ ಎಂದರು. ಇಲ್ಲ ಎಂದಾಗ ಸಮಾಧಾನದಿಂದಲೇ ಫೈಲು ಮಡಚಿ ಕೊಟ್ಟು ಮುಂದಿನವರ ಹೆಸರು ಕರೆದರು. ವಾಪಸ್ ಬರುವ ಶಹಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಅರ್ಧ ದಾರಿಯಲ್ಲಿ ಒಂದು ವಿಷಯ ಹೊಳೆಯಿತು. ಡ್ರೈವರ್ ಈಗ ಕೇಳದೆ ಹೇಳುತ್ತದೆ. ಸುದ್ದಿ ಬೇಕಾದವರು ಹೆಸರು ಬರೆಸಿದರಾಯಿತು. ಹೆಸರು ಬರೆಸಿದವರು ಆ ಕೊಠಡಿಯಲ್ಲೇ ಕೂತಿರಬೇಕೆಂದು ಎಲ್ಲಿದೆ?

ಮರುದಿನ ತನ್ನ ಮೊಬೈಲನ್ನೂ ಸುದ್ದಿ ಬೇಕಾದವರ ಪಟ್ಟಿಗೆ ಸೇರಿಸಿದಳು. ಯಾವ ಗೇಜಿನ ಲಿಂಕ್ ಕಡಿದರೂ ಅವಳಿಗೆ ಸಂದೇಶ ಬರುವಂತಾಯಿತು. ಆಮೇಲೆ ಹಂಪಣ್ಣನ ಬಳಿ ಹೋಗಿ, ವರ್ಷವಿಡೀ ಇರುತ್ತೇನೆ, ಆದರೆ ಇನ್ನು ಮುಂದೆ ದಿನಾ ಸಂಜೆ ಐದರ ಬಸ್ಸಿಗೆ ರಂಗಂಪೇಟೆಗೆ ಹೋಗುತ್ತೇನೆ ಎಂದಳು. ನೀರಿನ ಹಂಗಾಮಿನಲ್ಲಿ ಕ್ಯಾಂಪ್ ಬಿಡುವಂತಿಲ್ಲ ಎಂದು ಅವರು ನಿಯಮ ಹೇಳಿದರು.

"ಕರಾರಿನ್ಯಾಗ ನನ್ನ ಹೆಸರದರಿ ಸರ್," ಅಂದಳು. "ನನ್ನ ಮಂಚ ಇಲ್ಲ."

ಹಂಪಣ್ಣ ಮೊದಲ ಸಲ ನಕ್ಕರು. ಬದಲಾಯಿಸಲಾಗದವಳನ್ನು ಬಯ್ಯಲೂ ಆಗುವುದಿಲ್ಲ ಎಂಬುದು ಅವರಿಗೂ ಆಗ ತಿಳಿದಿರಬೇಕು.

ಅಕ್ಟೋಬರ್ ಎರಡನೇ ವಾರ ಹನ್ನೊಂದನೇ ಗೇಜಿಗೆ ಹೊಸ ಕಾರ್ಡು ಬಂತು. ಸುರಪುರದ ಹುದ್ದೆಗೆ ಪಟ್ಟಿಯಲ್ಲಿದ್ದ ಮುಂದಿನವರು ಹಾಜರಾದರು. ಆಮೀನಾ ಬೆಳಿಗ್ಗೆ ಎಂಟರ ಬಸ್ಸು ಹಿಡಿಯುವ ಮೊದಲು ಮಗಳ ಜಡೆ ಹಾಕುತ್ತಿದ್ದಳು. ಶಾಲೆಯ ದಿನಗಳಲ್ಲಿ ಅದು ಇದುವರೆಗೆ ಅಜ್ಜಿಯ ಕೆಲಸವಾಗಿತ್ತು. ಮುಬೀನಾಳ ಕೂದಲು ಒರಟು, ಎಣ್ಣೆ ಹಚ್ಚಿದರೂ ಜಾರುತ್ತಿರಲಿಲ್ಲ. ಅಜ್ಜಿ ಇಷ್ಟು ಬಿಗಿ ಎಳೆಯುವುದಿಲ್ಲ ಎಂದು ಅವಳು ದಖನಿ ಉರ್ದುವಿನಲ್ಲಿ ಗೊಣಗುತ್ತಿದ್ದಳು. ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಮೊಬೈಲು ಗುಂಯ್‌ಗುಟ್ಟಿತು. ಆಮೀನಾ ಕೈ ನಿಲ್ಲಿಸಲಿಲ್ಲ. ಮತ್ತೊಮ್ಮೆ ಗುಂಯ್‌ಗುಟ್ಟಿ, ಮೊಬೈಲು ಕಟ್ಟೆಯ ಅಂಚಿನ ಕಡೆ ಒಂದಿಷ್ಟು ಸರಿಯಿತು. ಆರೋ, ಎಂಟೋ, ಯಾವುದೋ ಒಂದು ಗೇಜು ಕರೆಯುತ್ತಿತ್ತು.

ತಲೆ ಅಲ್ಲಾಡಿಸಬೇಡ ಎಂದು ಮಗಳಿಗೆ ಹೇಳಿ, ಕೂದಲಿನ ಮೂರೂ ಎಳೆಗಳನ್ನು ಎಡಗೈಯಲ್ಲಿ ಒಟ್ಟಿಗೆ ಬಿಗಿಯಾಗಿ ಹಿಡಿದುಕೊಂಡು, ಅವಳು ಮೊಬೈಲಿನ ಕಡೆ ಬಲಗೈ ಚಾಚಿದಳು.